ಸಾಕಮ್ಮನ ಮಗನೂ ಹೂಗಿಡದ ಸಂಘವೂ

ಎಲೆಗೆ ಸುಣ್ಣ ಆಮೇಲೆ ಹಚ್ಚಿಕೊಳ್ಳಿ, ಮೊದಲು ಸಾಕಮ್ಮನ ಮಗನ ವಿಷಯ ಕೇಳಿ.

ಮುತ್ತನಕೆರೆ ಪೇಟೆಯ ಪಾರ್ಕಿನ ಗೇಟಿನ ಪಕ್ಕ ಸಾಕಮ್ಮ ಹೂ ಕಟ್ಟಿ ಮಾರುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ಜವರ. ಮೂವತ್ತು ವರ್ಷದ ಆಳು, ಬಾಗಿಲು ತುಂಬೋ ಮೈ, ಬೆಣ್ಣೆಯಂಥ ಮನಸ್ಸು. ತಲೆ ಮಾತ್ರ... ಹೋಗ್ಲಿ ಬಿಡಿ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಮ್ಮಿಯಿಲ್ಲ. ಅದೇ ಸಾಕಮ್ಮನ ತಲೆನೋವು. "ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಹೇಳೋರು ಯಾರು?" ಅಂತ ಹೂವಿನ ಜೊತೆಗೆ ಆ ಚಿಂತೆಯನ್ನೂ ಕಟ್ಟುತ್ತಾ ಕೂತಿರೋಳು.

ಆ ಪಾರ್ಕನ್ನು ನೋಡಿಕೊಳ್ಳುತ್ತಿದ್ದುದು ಊರಿನ ಹೂಗಿಡದ ಸಂಘ. ಮೇಷ್ಟರಿಕೆ ಮುಗಿಸಿ ಮನೆಯಲ್ಲಿದ್ದ ಲಲಿತಾಂಬ ಟೀಚರು ಅದಕ್ಕೆ ಅಧ್ಯಕ್ಷರು. ಹೊಂಗೆ ಚಿಗುರೋ ಹೊತ್ತಿಗೆ ಸಂಘದವರಿಗೆ ಬಿಡುವೇ ಇಲ್ಲ. ಪಾರ್ಕಿಗೆ ಪಾತಿ ಮಾಡಬೇಕು, ಸ್ಕೂಲಿನ ಕಾಂಪೌಂಡಿಗೆ ಗಿಡ ನೆಡಬೇಕು, ಯುಗಾದಿ ಕಳೆದ ಮಾರನೇ ದಿನ ಊರವರಿಗೆಲ್ಲ ಸಸಿ ಹಂಚಬೇಕು.

"ನಮಗೊಬ್ಬ ತೋಟದ ಆಳು ಬೇಕು ಸಾಕಮ್ಮ," ಅಂದರು ಟೀಚರು. "ಜವರನ್ನ ಕಳಿಸು. ಸಸಿ ಹಂಚೋ ದಿನದವರೆಗೂ ನೋಡೋಣ. ಚೆನ್ನಾಗಿ ಮಾಡಿದರೆ ಕೆಲಸ ಅವನಿಗೇ ಕಾಯಂ."

ಸಾಕಮ್ಮನಿಗೆ ಕೈಗೆ ಸ್ವರ್ಗ ಸಿಕ್ಕಂಗಾಯ್ತು. ಮಗನಿಗೆ ತಲೆ ಬಾಚಿ, ಹೊಸ ಟವಲು ಹೊದಿಸಿ ಕಳಿಸಿದಳು.

ಟೀಚರು ನಲವತ್ತು ಗುಲಾಬಿ ಕಡ್ಡಿ ಕೊಟ್ಟು, "ಇವನ್ನ ನೆಡಪ್ಪ. ಬೇರು ಬಿಡ್ತಾವಾ ಅಂತ ನೋಡ್ತಾ ಇರು," ಅಂದರು.

ಜವರ ನೆಟ್ಟ. ಬೆಳಿಗ್ಗೆ ಒಂದೊಂದೇ ಕಿತ್ತು ನೋಡಿದ. ಬೇರಿಲ್ಲ! ಮತ್ತೆ ನೆಟ್ಟ. ಮಧ್ಯಾಹ್ನ ಕಿತ್ತು ನೋಡಿದ. ಬೇರಿಲ್ಲ! ಮತ್ತೆ ನೆಟ್ಟ. ಸಂಜೆಗೂ ಕಿತ್ತು ನೋಡಿದ. ನಾಲ್ಕು ದಿನಕ್ಕೆ ನಲವತ್ತು ಕಡ್ಡಿಯೂ ಒಲೆಗೆ ಹಾಕೋ ಸೌದೆ ಆದವು.

"ಅಯ್ಯೋ ನನ್ನ ಕರ್ಮವೇ!" ಅಂದಳು ಸಾಕಮ್ಮ. "ಮಣ್ಣಲ್ಲಿ ನೆಟ್ಟಿದ್ದನ್ನ ಯಾರಾದ್ರೂ ಕೀಳ್ತಾರೇನೋ? ನೆಟ್ಟಿದ್ದನ್ನ ಮುಟ್ಟಬೇಡ. ಬುಡಕ್ಕೆ ಎರಡು ಕೊಡ ನೀರು ಹುಯ್ಯಿ, ಸುಮ್ಮನಿರು. ನೆನಪಿರ್ತದಾ?"

"ಇರ್ತದಮ್ಮ," ಅಂದ ಜವರ.

ಸ್ಕೂಲಿನ ಹತ್ತಿರ ಗಿಡ ನೆಡೋ ದಿನ ಬಂತು. ಟೀಚರು ಬಿಸಿಲಿಗೆ ಅಂತ ತಂದಿದ್ದ ಕರೀ ಛತ್ರಿಯನ್ನು ಮಡಿಸಿ, ಹಸಿ ಮಣ್ಣಿಗೆ ಚುಚ್ಚಿ ನಿಲ್ಲಿಸಿ, ಟೀ ಕುಡಿಯಲು ಹೋದರು. ಅಲ್ಲಿಂದಲೇ ಕೂಗಿದರು, "ಜವರಾ! ಛತ್ರಿ ತಗೊಂಡ್ಬಾರಪ್ಪ!"

ಛತ್ರಿ ಬರಲಿಲ್ಲ. ಕಾದರು, ಬರಲಿಲ್ಲ. ಕಡೆಗೆ ಅವರೇ ಎದ್ದು ಬಂದು ನೋಡಿದರೆ, ಛತ್ರಿಯ ಸುತ್ತ ದುಂಡಗೆ ಪಾತಿ! ಪಾತಿ ತುಂಬ ನೀರು!

"ಇದೇನೋ ಇದು!"

"ನೆಟ್ಟುಬಿಟ್ಟಿದೀರಲ್ಲ ಟೀಚರೇ, ಇನ್ನು ಕೀಳಬಾರದು. ಎರಡು ಕೊಡ ಹುಯ್ದಿದೀನಿ."

ಸಾಕಮ್ಮ ಹಣೆ ಹಣೆ ಚಚ್ಚಿಕೊಂಡಳು. "ಛತ್ರಿ ಬೆಳೀತದೇನೋ? ಅದಕ್ಕೆ ಜೀವ ಅದೆಯಾ? ಜೀವ ಇರೋದಕ್ಕೆ ನೀರು ಹಾಕು! ಬಿಸಿಲಿಗೆ ಸೊರಗಿ, ತಲೆ ಬಗ್ಗಿಸಿಕೊಂಡು ಇರ್ತದಲ್ಲ, ಅದಕ್ಕೆ ಹಾಕು. ತಲೆ ಮೇಲಿಂದ ತಣ್ಣಗೆ ಹಾಕು, ಥಟ್ಟನೆ ಎದ್ದು ಕೂರ್ತದೆ. ನೆನಪಿರ್ತದಾ?"

"ಇರ್ತದಮ್ಮ."

ಮುಂದಿನ ಭಾನುವಾರ ಪಾರ್ಕಿನಲ್ಲಿ ಸಂಘದ ಸಭೆ. ಗೊಬ್ಬರ ಮಾಡೋದು ಹೇಗೆ ಅಂತ ಟೀಚರು ಒಂದು ಗಂಟೆಯಿಂದ ಹೇಳುತ್ತಿದ್ದರು. ಸುಡು ಬಿಸಿಲು. ಸಂಘದ ಕಾರ್ಯದರ್ಶಿ ಚನ್ನಬಸಪ್ಪನವರು ಮುಂದಿನ ಕುರ್ಚಿಯಲ್ಲಿ ತಲೆ ಬಗ್ಗಿಸಿ ತೂಕಡಿಸುತ್ತಿದ್ದರು. ಜವರ ಬಗ್ಗಿ ನೋಡಿದ. ಜೀವ ಅದೆ. ಸೊರಗಿದೆ. ತಲೆ ಬಗ್ಗಿದೆ. ಓಡಿಹೋಗಿ ಗಿಡಕ್ಕೆ ನೀರು ಹಾಕೋ ಡಬ್ಬ ತುಂಬಿಕೊಂಡು ಬಂದ. ಸಣ್ಣ ತೂತಿನ ಮೂತಿಯಿಂದ ಜುಳುಜುಳು ಅಂತ ಹುಯ್ದೇ ಹುಯ್ದ.

"ಹಾ! ಹಾ! ಏನಯ್ಯಾ ಇದು!" ಅಂತ ಚನ್ನಬಸಪ್ಪನವರು ಹಾರಿ ನಿಂತರು.

"ಅಮ್ಮ ಹೇಳಿದ್ದು ನಿಜ!" ಅಂದ ಜವರ. "ಥಟ್ಟನೆ ಎದ್ದರು!"

ಅವತ್ತು ಸಾಕಮ್ಮ ಗೇಟಿನ ಹತ್ತಿರ ಹೂವಿನ ಬುಟ್ಟಿ ಬಿಟ್ಟು, ಚನ್ನಬಸಪ್ಪನವರ ಒದ್ದೆ ಶಲ್ಯ ಹಿಂಡಿ ಒಣಹಾಕಿದಳು. ಒಣಹಾಕುತ್ತಾ ಅವಳ ಕಣ್ಣೂ ಒದ್ದೆಯಾಯಿತು. ಮನೆಗೆ ಬಂದು ಹೇಳಿದಳು, "ದೊಡ್ಡೋರಿಗೆ ನೀರು ಎರಚೋದೇನೋ? ಇನ್ಮೇಲೆ ಗೇಟಿಗೆ ಬಂದೋರು ಯಾರೇ ಆಗ್ಲಿ, ಕೈಮುಗಿ. ನೆರಳಿಗೆ ಕರಕೊಂಡು ಹೋಗು. ಇದ್ದಿದ್ದನ್ನ ಮುಂದಿಟ್ಟು, ಸಾಕು ಅನ್ನೋವರೆಗೂ ಬಡಿಸು. ನೆನಪಿರ್ತದಾ?"

"ಇರ್ತದಮ್ಮ."

ಸಸಿ ಹಂಚೋಕೆ ಎರಡೇ ದಿನ ಬಾಕಿ. ಚೆಂಡುಮಲ್ಲಿಗೆ, ಸೇವಂತಿಗೆ, ಕನಕಾಂಬರ, ಎಲ್ಲ ಸೇರಿ ಮುನ್ನೂರು ಸಸಿ ಹೊಂಗೆಮರದ ಕೆಳಗೆ ಸಾಲಾಗಿ ನಿಂತಿದ್ದವು. ಟೀಚರು ಅವನ್ನು ಕಾಯೋಕೆ ಜವರನನ್ನು ಬಿಟ್ಟು ಊಟಕ್ಕೆ ಹೋದರು. ಗೇಟಿನ ಹತ್ತಿರದ ಸಾಕಮ್ಮನೂ ಊಟಕ್ಕೆ ಮನೆಗೆ ಹೋಗಿದ್ದಳು.

ಗೇಟಿಗೆ ಯಾರು ಬಂದರು ಅಂತೀರಿ? ಹಾಲಿನ ಡೈರಿ ಪಕ್ಕದ ಮನೆಯ ಎಮ್ಮೆ!

ಜವರ ಎದ್ದು ಕೈಮುಗಿದ. "ಬನ್ನಿ ತಾಯಿ, ಬಿಸಿಲಲ್ಲಿ ಬಂದಿದೀರಿ. ನೆರಳಿಗೆ ಬನ್ನಿ." ಎಮ್ಮೆ ಬಂತು. "ಕೂತ್ಕೊಳಿ." ಎಮ್ಮೆ ಕೂರಲಿಲ್ಲ. "ಹಂಗಾದ್ರೆ ನಿಂತೇ ತಿನ್ನಿ. ಸಂಕೋಚ ಮಾಡ್ಕೋಬೇಡಿ." ಒಂದು ಸಸಿ ಇಟ್ಟ, ಮುಗಿಯಿತು. ಹತ್ತು ಇಟ್ಟ, ಮುಗಿಯಿತು. "ಸಾಕಾ ತಾಯಿ? ಇನ್ನೊಂದು ಸ್ವಲ್ಪ ಹಾಕ್ಲಾ?" ಎಮ್ಮೆ ಸಾಕು ಅನ್ನಲೇ ಇಲ್ಲ!

ಟೀಚರು ಬರುವಷ್ಟರಲ್ಲಿ ನೂರು ಸಸಿ ಹೊಟ್ಟೆ ಸೇರಿದ್ದವು. ಅವರು ಬೈಯಲಿಲ್ಲ. ಉಳಿದ ಸಸಿಗಳ ಪಕ್ಕ ಕೂತು ಒಂದೊಂದೇ ಎಣಿಸತೊಡಗಿದರು. ಸಾಕಮ್ಮನಿಗೆ ಅದನ್ನು ನೋಡೋದೇ ಕಷ್ಟವಾಯಿತು. ಇನ್ನು ಕೆಲಸದ ಆಸೆ ಮುಗಿಯಿತು ಅಂದುಕೊಂಡಳು.

ಸಸಿ ಹಂಚೋ ದಿನ ಬೆಳಿಗ್ಗೆ ಮಗನಿಗೆ ಇಡ್ಲಿ ಬಡಿಸಿ, ಮೆಲ್ಲಗೆ ಹೇಳಿದಳು, "ನೋಡು ಮಗ, ಇವತ್ತು ನೀನು ಏನೂ ಮಾಡಬೇಡ. ಪಾರ್ಕಲ್ಲಿ ಒಂದು ಕಡೆ ಬೇರೂರಿ ನಿಂತ್ಕೊಂಡುಬಿಡು. ಗಿಡ ನಿಂತಂಗೆ ನಿಂತ್ಕೋ. ಯಾರು ಕರೆದ್ರೂ ಅಲ್ಲಾಡಬೇಡ. ಇದೊಂದು ದಿನ ಕಳೀಲಿ. ನೆನಪಿರ್ತದಾ?"

"ಇರ್ತದಮ್ಮ."

ಸಂಜೆ ನಾಲ್ಕಕ್ಕೆ ಊರೆಲ್ಲ ಸೇರಿತು. ಸಂಪಿಗೆ ಸಸಿ ನೆಡೋಕೆ ಸಂಘದವರು ಸೂಲಗಿತ್ತಿ ಹೊನ್ನಜ್ಜಿಯನ್ನು ಕರೆಸಿದ್ದರು. ತೊಂಬತ್ತು ವರ್ಷದ ಮುದುಕಿ, ಅರ್ಧ ಊರನ್ನು ಭೂಮಿಗೆ ಇಳಿಸಿದವಳು. ಈಗ ಕಣ್ಣು ಮಂಜು. ಟೀಚರು ಅವಳ ಕೈಹಿಡಿದು, ಪಾರ್ಕಿನ ಹಿಂದಿನ ಮೂಲೆಯಲ್ಲಿ ಬೆಳಿಗ್ಗೆಯೇ ತೋಡಿಸಿದ್ದ ಗುಂಡಿಯ ಹತ್ತಿರ ಕರೆತಂದರು. ತಂದವರು ಹಂಗೇ ನಿಂತರು.

ಗುಂಡಿಯಲ್ಲಿ ಜವರ! ಮಂಡಿವರೆಗೆ ಮಣ್ಣು ಮುಚ್ಚಿಕೊಂಡು, ಮೇಲೆ ಗೊಬ್ಬರವನ್ನೂ ಹಾಕಿಕೊಂಡು, ಎರಡು ಕೈ ಅಗಲಿಸಿ ನಿಂತಿದ್ದಾನೆ! ರೆಪ್ಪೆ ಕೂಡ ಬಡಿಯುತ್ತಿಲ್ಲ!

ಯಾರಾದರೂ ಬಾಯಿ ತೆಗೆಯುವಷ್ಟರಲ್ಲಿ ಹೊನ್ನಜ್ಜಿ ಬಗ್ಗಿ ಅವನ ತೊಡೆ ತಡವಿದಳು. "ಎಲಾ! ಎಳೇ ಸಸಿ ಅಂದ್ರಲ್ಲ? ಎಂಥ ಗಟ್ಟಿ ಕಾಂಡ!" ಅಂತ ಕೈಲಿದ್ದ ತಂಬಿಗೆ ನೀರನ್ನು ಬುಡಕ್ಕೆ ಹುಯ್ದು, "ನೂರು ಕಾಲ ಬಾಳು, ಕೊಂಬೆ ತುಂಬ ಹೂ ಬಿಡು," ಅಂತ ಹರಸಿದಳು.

ಮೊದಲು ನಕ್ಕವರು ಚನ್ನಬಸಪ್ಪನವರು. ಆಮೇಲೆ ಊರಿಗೆ ಊರೇ ನಕ್ಕಿತು. ಸಾಕಮ್ಮ ಮಾತ್ರ ಸೆರಗಿನಿಂದ ಮುಖ ಮುಚ್ಚಿಕೊಂಡು, "ತಪ್ಪು ನಂದೇ ಟೀಚರೇ, ಗಿಡದಂಗೆ ನಿಂತ್ಕೋ ಅಂತ ಬೆಳಿಗ್ಗೆ ನಾನೇ ಹೇಳಿದ್ದು," ಅಂದಳು.

ಟೀಚರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಬೆಳಿಗ್ಗೆಯಿಂದ ನಿಂತಿದಾನೆ ಸಾಕಮ್ಮ! ಹೇಳಿದ್ದನ್ನ ಇಷ್ಟು ಚಾಚೂ ತಪ್ಪದೆ ಮಾಡೋನು ನಮ್ಮ ಸಂಘದಲ್ಲಿ ಇನ್ನೊಬ್ಬನಿಲ್ಲ. ನಾವೇ ನೋಡಿಕೊಂಡು ಹೇಳಬೇಕು, ಅಷ್ಟೇ. ನಾನಿದೀನಿ, ಹೇಳ್ತೀನಿ. ಕೆಲಸ ಅವನದೇ."

ಸಾಕಮ್ಮನ ಎದೆಯ ಭಾರ ಇಳಿಯಿತು. ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ ಸಂಪಿಗೆ ನೆಟ್ಟರು. ಉಳಿದ ಸಸಿ ಹಂಚಿದರು. ಜನ ಕರಗಿತು, ಹೊತ್ತು ಇಳಿಯಿತು. ಅವಳು ಮಗನ ಹತ್ತಿರ ಬಂದು ಕೈನೀಡಿದಳು.

"ಆಯ್ತು, ಮೇಲೆ ಬಾರೋ. ಕೆಲಸ ಸಿಕ್ತು. ಮನೆಗೆ ಹೋಗೋಣ."

ಜವರ ತುಟಿ ಮಾತ್ರ ಅಲ್ಲಾಡಿಸಿದ.

"ನೀನು ಹೋಗಮ್ಮ. ಅಜ್ಜಿ ಈಗಿನ್ನೂ ನೀರು ಹಾಕವ್ಳೆ. ಹೂ ಬಿಟ್ಟ ಮೇಲೆ ಬರ್ತೀನಿ."