ಅಧ್ಯಕ್ಷರ ಪಂಚೆಯೂ ನಾಲ್ಕು ಬೋಲ್ಟೂ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಮಠದ ಅಡುಗೆಯ ಗುರುಬಸಯ್ಯನವರು. ಶಿವ ಅವರನ್ನು ಚೆನ್ನಾಗಿಟ್ಟಿರಲಿ.

ಅವರೂರ ಹಾಲಿನ ಡೇರಿಯಲ್ಲಿ ಹಳೇ ಯಂತ್ರವನ್ನು ಕಿತ್ತರು. ಅದನ್ನು ಹಿಡಿದಿದ್ದ ನಾಲ್ಕು ಬೋಲ್ಟು ಮಾತ್ರ ಕಾಂಕ್ರೀಟು ನೆಲದಲ್ಲೇ ಉಳಿದವು. ಒಂದು ದಿನ ಡೇರಿ ಅಧ್ಯಕ್ಷರ ಜರಿ ಪಂಚೆ ಅವಕ್ಕೆ ಸಿಕ್ಕಿ ಪರ್ರೆಂದಿತು. ಊರಿಗೆ ಅದಕ್ಕಿಂತ ದೊಡ್ಡ ಅನಾಹುತ ಉಂಟೇ!

“ನಾಳೆ ಬೆಳಿಗ್ಗೆ ಇವನ್ನು ಕೀಳು. ನೆಲದಲ್ಲಿ ಒಂದು ಗೆರೆ ಬಿದ್ದರೂ ನಿನಗೆ ಕೆಲಸವಿಲ್ಲ,” ಎಂದು ಅಧ್ಯಕ್ಷರು ಡೇರಿಯ ಜವಾನನ ಮೇಲೆ ಗುಡುಗಿದರು. ಆ ನೆಲ ಹಾಕಿದ ಕಂಟ್ರಾಕ್ಟರು ಅವರ ಬಾಮೈದ.

ಜವಾನ ಅಂದು ರಾತ್ರಿಯೇ ಎಣ್ಣೆ ಬಿಟ್ಟ, ಸ್ಪ್ಯಾನರು ಹಾಕಿ ತಿರುಗಿಸಿದ, ದೇವರನ್ನೂ ನೆನೆದ. ಬೋಲ್ಟು ಅಲುಗಲಿಲ್ಲ. ಬೆಳಿಗ್ಗೆ ಹಾಲು ಹಾಕುವವರೆಲ್ಲ ಸೇರಿದಾಗ, ಸುತ್ತಿಗೆಯನ್ನು ಕಂಕುಳಲ್ಲಿಟ್ಟು ಅಧ್ಯಕ್ಷರಿಗೆ ಕೈಮುಗಿದ.

“ಬುದ್ಧೀ, ಬೋಲ್ಟು ಸಲೀಸಾಗಿ ಬಂದರೆ ಜನ ಸಿಮೆಂಟೇ ಹಾಕಿಲ್ಲ ಅಂತಾರೆ. ನೆಲ ಒಡೆದು ಬಂದರೆ ಬರೀ ಮರಳು ಅಂತಾರೆ. ಬರದೇ ಇದ್ದರೇನೇ ನಿಮ್ಮ ಬಾಮೈದನ ಮರ್ಯಾದೆ ಉಳಿಯೋದು. ಆದರೆ ನನ್ನ ಕೆಲಸ ಹೋಗ್ತದೆ. ಹೊಡೀಲಾ?”

ಎಲ್ಲರೂ ಕ್ಯಾನು ಕೆಳಗಿಟ್ಟು, ಅಧ್ಯಕ್ಷರ ಹಿಂದೆಯೇ ನಿಂತಿದ್ದ ಬಾಮೈದನ ಕಡೆ ನೋಡಿದರು. ಆತ ಮೆಲ್ಲಗೆ ಬಾಗಿಲ ಕಡೆ ಸರಿದ.

“ಥೂ, ಸುತ್ತಿಗೆ ಇಡೋ!” ಎಂದರು ಅಧ್ಯಕ್ಷರು. “ಗಟ್ಟಿ ಕೆಲಸದ ಗುರುತು ಅದು. ಮುಟ್ಟಿದರೆ ನಿನ್ನ ಕೆಲಸ ಹೋದೀತು!”

ಅಂದಿನಿಂದ ಅಧ್ಯಕ್ಷರು ಮೊಣಕಾಲಿನವರೆಗೆ ಪಂಚೆ ಎತ್ತಿಕೊಂಡೇ ಒಳಗೆ ಬರುತ್ತಾರಂತೆ. ನೀವೂ ಹಾಲಿನ ಸಾಲಿನಲ್ಲಿ ನಿಂತಾಗ ಪಕ್ಕದವರಿಗೆ ಇದನ್ನು ಹೇಳಿ. ನಿಮ್ಮ ಅಧ್ಯಕ್ಷರು ಬರುವ ಮುಂಚೆಯೇ ಹೇಳಿಬಿಡಿ.