ಪಂಕ್ತಿಯ ತುದಿಯಲ್ಲಿ ಕುಳಿತ ಅಜ್ಜನವರು

ಹಾಲಗೋನಾಳ ಮಠದ ಪೂಜ್ಯ ಗುರುಪಾದ ಅಜ್ಜನವರಿಗೆ ಪೀಠಕ್ಕಿಂತ ದಾಸೋಹದ ಸಾರಿನ ಬಕೀಟಿನ ಮೇಲೆಯೇ ಪ್ರೀತಿ ಹೆಚ್ಚು. ಪಟ್ಟಕ್ಕೆ ಬಂದಂದಿನಿಂದ ಭಕ್ತರಿಗೆಲ್ಲ ತಾವೇ ನಿಂತು ಬಡಿಸುತ್ತಿದ್ದರು. ಆ ಕೈಯಿಂದ ನುಚ್ಚು-ಸಾರು ಉಣ್ಣದವರು ಸುತ್ತಲಿನ ಊರುಗಳಲ್ಲಿ ಯಾರಿದ್ದಾರೆ ಹೇಳಿ!

ಒಂದು ಮಧ್ಯಾಹ್ನ ಶಾಸಕ ಅಮರಗುಂಡಪ್ಪ ಗೌಡರು ಮಠಕ್ಕೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೆಟ್ಟಿಲು ಹತ್ತಲು ಮತ್ತೊಬ್ಬರ ಹೆಗಲು ಬೇಕಿತ್ತು. ಆ ಹೆಗಲು ನೀಲಗಂಗಮ್ಮನವರದು. ಇವರ ಕೈಕೆಳಗೇ ಪಳಗಿ, ಕ್ಷೇತ್ರದ ಕೆಲಸವನ್ನೆಲ್ಲ ಓಡಾಡಿ ಮಾಡುತ್ತಿದ್ದ ಹೆಣ್ಣುಮಗಳು. ಈ ಸಲ ಆಕೆಯೇ ಚುನಾವಣೆಗೆ ನಿಲ್ಲಲಿ ಎಂದು ಊರೂರಲ್ಲಿ ಪಿಸುಮಾತು. ಗೌಡರಿಗೋ ಎದೆಯಲ್ಲಿ ಕುದಿ. ತಾವು ಬಿಟ್ಟರೆ ಕ್ಷೇತ್ರದ ಗತಿಯೇನು? ಬಿಟ್ಟ ಮೇಲೆ ತಮ್ಮ ಗತಿಯೇನು? ಎರಡನೆಯದನ್ನು ಮಾತ್ರ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಮರುದಿನ ನಾಮಪತ್ರ ಸಲ್ಲಿಸಬೇಕು, ಅಜ್ಜನವರು ಹರಸಿಬಿಟ್ಟರೆ ಎಲ್ಲರ ಬಾಯಿಯೂ ಮುಚ್ಚುತ್ತದೆ ಎಂಬುದು ಅವರ ಲೆಕ್ಕ.

ದಾಸೋಹದೊಳಗೆ ಕಾಲಿಟ್ಟವರು ಗರಬಡಿದಂತೆ ನಿಂತರು. ಬಕೀಟು ಮುಂದೆ ಪಟ್ಟಕ್ಕೆ ಬರಲಿದ್ದ ಮರಿಸ್ವಾಮಿಗಳ ಕೈಯಲ್ಲಿ! ಅಜ್ಜನವರು ಪಂಕ್ತಿಯ ಕಟ್ಟಕಡೆಗೆ, ನೆಲದ ಮೇಲೆ, ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದಾರೆ!

"ಯಪ್ಪಾ, ಇದೇನ್ರಿ! ನೀವು ಇಲ್ಲಿ ಕುಂತೀರಿ?"

"ಕೈ ನಡಗಾಕ ಹತ್ಯಾವಪಾ. ಮಂದಿ ಮೈಮ್ಯಾಲ ಸಾರು ಚೆಲ್ಲೂದು ಬ್ಯಾಡಂತ ಬಿಟ್ಟೆ. ಕುಂದ್ರು, ಉಣ್ಣೂಣು."

ಗೌಡರು ಪಕ್ಕದಲ್ಲಿ ಕುಳಿತರು. ಮರಿಸ್ವಾಮಿಗಳು ಅಲ್ಲಿಗೆ ಬರುವ ಹೊತ್ತಿಗೆ ಬಕೀಟಿನ ತಳದಲ್ಲಿ ಉಳಿದದ್ದು ತಣ್ಣಗಾದ ನಾಲ್ಕು ಹನಿ ಸಾರು. ಗೌಡರ ಪಿತ್ತ ನೆತ್ತಿಗೇರಿತು. "ಇವರಿಗೆ ಬಡಸಾಕ ಬರೂದಿಲ್ರಿ! ತರ್ರಿ ಆ ಬಕೀಟು ಇಲ್ಲಿ!" ಎಂದು ಎದ್ದೇಬಿಡುತ್ತಿದ್ದರು. ಅಜ್ಜನವರು ಮೆಲ್ಲಗೆ ಅವರ ಕೈ ಹಿಡಿದರು.

"ಕಸಗೋಬ್ಯಾಡ. ಇಷ್ಟು ವರ್ಷ ನಾ ಬಡಿಸಿದಾಗೂ ಈ ತುದಿಗೆ ಆರಿದ್ದ ಸಾರೇ ಬಂದೈತಿ. ಯಾರೂ ಹೇಳಲಿಲ್ಲ. ಇಲ್ಲಿ ಬಂದು ಕುಂತ ಮ್ಯಾಲ ತಿಳೀತು."

ಹಾಗೆಂದವರೇ ದನಿ ಎತ್ತಿ ಕೂಗಿದರು: "ಮರಿದೇವ್ರ, ಈ ಕಡೆ ಬಿಸಿ ಸಾರು ಬರ್ಲಿ!"

ಮರಿಸ್ವಾಮಿಗಳು ಓಡಿದರು. ಹೊಗೆಯಾಡುವ ಬಕೀಟು ತಂದು ಈ ತುದಿಯಿಂದಲೇ ಬಡಿಸತೊಡಗಿದರು.

ಗೌಡರ ಕೈ ತಟ್ಟೆಯಲ್ಲೇ ನಿಂತಿತು. ಕ್ಷೇತ್ರದ ಗಡಿಯಂಚಿನ ತಾಂಡಾ ನೆನಪಾಯಿತು. ಅಲ್ಲಿಯ ಜನ ಪ್ರತಿ ಸಲವೂ ಏನೋ ಹೇಳಲು ಮುಂದೆ ಬರುತ್ತಿದ್ದರು. ಇವರು ಹಾರ ಹಾಕಿಸಿಕೊಂಡು ಕಾರು ಹತ್ತಿಬಿಡುತ್ತಿದ್ದರು. ಅಯ್ಯೋ, ಒಮ್ಮೆಯಾದರೂ ನಿಂತು ಕೇಳಬಾರದಿತ್ತೇ! ಕಣ್ಣು ತುಂಬಿ ಬಂತು.

"ಯಪ್ಪಾ, ಎಲ್ಲಾ ಬಿಟ್ಟ ಮ್ಯಾಲ ನನಗೇನು ಕೆಲಸ ಉಳೀತೈತ್ರಿ?"

ಅಜ್ಜನವರು ಮಗುವಿನಂತೆ ನಕ್ಕರು. "ಈ ತುದಿಗೆ ಕುಂದರೂ ಕೆಲಸ ಐತೆಲ್ಲಪಾ!"

ಊಟ ಮುಗಿಸಿ ಗೌಡರು ಹೊರಗೆ ಬಂದರು. ಅಲ್ಲಿ ಹಲಗೆ ಬಡಿಯುತ್ತಿತ್ತು, ಜೈಕಾರ ಮುಗಿಲು ಮುಟ್ಟಿತ್ತು. ಬೆಂಬಲಿಗರು ಹಾಕಿದ ಹಾರವನ್ನು ಅಮರಗುಂಡಪ್ಪನವರು ಅಲ್ಲೇ ತೆಗೆದು ನೀಲಗಂಗಮ್ಮನವರ ಕೊರಳಿಗೆ ಹಾಕಿದರು. ಆಕೆ ಅಳುತ್ತಲೇ ಅವರ ಕಾಲಿಗೆರಗಿದರು. ಗೌಡರಿಗೆ ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿತ್ತು.

ಆಕೆ ಗೆದ್ದರು. ಗಡಿಯ ತಾಂಡಾದಲ್ಲಿ ಶಾಸಕಿಯ ಮೊದಲ ಸಭೆ. ಭಾಷಣ ಭರ್ಜರಿಯಾಗಿ ನಡೆದಿತ್ತು. ಹಿಂದಿನ ಸಾಲಿನಲ್ಲಿ, ತಾಂಡಾದ ಮುದುಕರ ನಡುವೆ ನೆಲದ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಗಟ್ಟಿಯಾಗಿ ಕೂಗಿದರು:

"ಯವ್ವಾ ನೀಲಗಂಗಾ, ಈ ಕಡೆ ನೀರು ಇನ್ನೂ ಬಂದಿಲ್ಲ!"

ನೀಲಗಂಗಮ್ಮನವರು ಮಾತು ನಿಲ್ಲಿಸಿದರು, ವೇದಿಕೆ ಇಳಿದು ಬಂದು ಗೌಡರ ಪಕ್ಕದಲ್ಲೇ ಕುಳಿತರು.