ಭಾವಮೈದನ ಬಂಡೆ

ಕಾಡಂಚಿನ ಹಾಡಿಯ ಗುಡಿಸಲುಗಳನ್ನು ದಾಟಿ ಮೂಡಣಕ್ಕೆ ತಿರುಗಿದರೆ ಗೋಡೆಯಂತೆ ನೆಟ್ಟಗೆ ನಿಂತ ಕರಿಯ ಬಂಡೆಯೊಂದು ಕಾಣುತ್ತದೆ. ಅದರ ಎದೆಯ ತುಂಬ ಹೆಜ್ಜೇನಿನ ಹುಟ್ಟುಗಳು. ದೇವರದೋ ಅರಸನದೋ ಹೆಸರಿರಬೇಕಾದ ಇಂಥ ಗಂಭೀರ ಬಂಡೆಯನ್ನು ಜನ ಭಾವಮೈದನ ಬಂಡೆ ಎಂದು ಕರೆಯುವುದಕ್ಕೆ ಜಡಿಯನೆಂಬ ಜೇನುಗಾರನ ಗತ್ತೇ ಕಾರಣ ಎನ್ನುತ್ತಾರೆ.

ಹಿಂದೆ ಆ ಹಾಡಿಯಲ್ಲಿ ಒಂದು ಕಟ್ಟಳೆಯಿತ್ತು. ಜೇನಿಗೆ ಇಳಿಯುವವನ ಬಳ್ಳಿಯೇಣಿಯನ್ನು ಮೇಲೆ ಕೂತು ಕಾಯಬೇಕಾದವನು ಅವನ ಹೆಂಡತಿಯ ತಮ್ಮನೇ. ಒಡಹುಟ್ಟಿದವರಿಗಾದರೆ ಪಾಲಿನ ಆಸೆ ಹುಟ್ಟೀತು. ಅಕ್ಕನ ತಾಳಿಗೆ ಯಾವ ತಮ್ಮ ಕೈ ಹಾಕುತ್ತಾನೆ? ಜಡಿಯ ಆಗಲೇ ನೂರು ಹುಟ್ಟು ಕಿತ್ತಿದ್ದನಂತೆ. ಅರವತ್ತು ಎನ್ನುವವರೂ ಇದ್ದಾರೆ. ನೂರೆಂದರೆ ಕಥೆಗೆ ಕಳೆ, ನೂರೇ ಇರಲಿ. ನೂರೊಂದನೆಯದಕ್ಕೆ ಹೊರಟ ಬೆಳಿಗ್ಗೆ ಬಂಡೆಯ ನೆತ್ತಿಯಲ್ಲಿ ಭಾವಮೈದ ಬೊಳ್ಳ ಒಂದು ಆಕಳಿಕೆ ತೆಗೆದದ್ದೇ ನೆಪವಾಯಿತು.

“ಮನೆಗೋಗಿ ಮನಿಕೊ ಓಗು,” ಎಂದ ಜಡಿಯ. “ಏಣಿನ ಆ ಮರಕ್ಕೆ ಕಟ್ಟಿವ್ನಿ. ಮರ ನಿನ್ನಂಗೆ ಆಕಳಿಸಲ್ಲ.”

“ಆ ಗಂಟ ಒಂದ್ಸಲ ನೋಡು ಭಾವ.”

“ನಾನ್ ಹಾಕಿದ್ ಗಂಟ ನಾನೇ ನೋಡ್ಬೇಕಾ?”

ಬೊಳ್ಳ ಪೊದೆಯಾಚೆ ಮರೆಯಾದ. ಜಡಿಯ ಸಿಳ್ಳೆ ಹಾಕುತ್ತ ಇಳಿದ. ಬಂಡೆಯ ನಡುವಿಗೆ ಬಂದಾಗ ಏಣಿ ಒಂದು ಗೇಣು ಕುಸಿಯಿತು. ಗಾಳಿ ಇರಬೇಕು ಎಂದುಕೊಂಡ. ಇನ್ನೊಂದು ಗೇಣು. ಸಿಳ್ಳೆ ನಿಂತಿತು. ಭಾರ ಬಿದ್ದರೆ ಹಸಿಬಳ್ಳಿಯ ಗಂಟು ಜಾರುತ್ತದೆಂದು ಹಾಡಿಗೆಲ್ಲ ಹೇಳಿಕೊಟ್ಟವನೇ ಅವನು. ಕಟ್ಟಿದವನು ತಾನೆಂಬ ಧೈರ್ಯದಲ್ಲಿ ಇಂದು ಅದನ್ನೇ ಮರೆತಿದ್ದ. ಕೆಳಗೆ ದೊಡ್ಡ ದೊಡ್ಡ ಮರಗಳು ಸೊಪ್ಪಿನ ಕಟ್ಟಿನಷ್ಟು ಕಾಣುತ್ತಿದ್ದವು. “ಬೊಳ್ಳಾ” ಎಂದ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಏಣಿ ಒಂದು ಮೊಳ ಜಾರಿತು. ಆಮೇಲೆ ಅವನು ಹಾಕಿದ ಕೂಗಿಗೆ ಹೆಜ್ಜೇನುಗಳೇ ಬೆಚ್ಚಿ ಕಚ್ಚುವುದನ್ನು ಮರೆತವು ಎನ್ನುತ್ತಾರೆ.

ಏಣಿ ತಟ್ಟನೆ ನಿಂತಿತು.

“ಏನ್ ಭಾವ,” ಮೇಲಿನಿಂದ ಬೊಳ್ಳನ ದನಿ, “ಮರ ಆಕಳಿಸ್ಬುಡ್ತಾ?”

ಒಂದೊಂದೇ ಮೆಟ್ಟಿಲು ಹತ್ತಿ ನೆತ್ತಿ ಮುಟ್ಟಿದ ಜಡಿಯ ಬಂಡೆಯನ್ನು ತಬ್ಬಿಕೊಂಡು ಬೋರಲು ಮಲಗಿಬಿಟ್ಟ. ಅಳುವೋ ನಗುವೋ ತಿಳಿಯದಂತೆ ಬೆನ್ನು ಕುಲುಕುತ್ತಿತ್ತು.

“ಓಗ್ನಿಲ್ವಾ ನೀನು?”

“ನಿನ್ ಮಾತ ಕೇಳ್ಕೊಂಡು ಓದ್ರೆ ಅಕ್ಕ ಬುಟ್ಟಾಳಾ? ನಿನ್ಗಿಂತ ಅವಳ್ಗೆ ಎದ್ರುತೀನಿ ನಾನು.”

ಆ ದಿನ ಬರಿಗೈಯಲ್ಲಿ ಹಾಡಿಗೆ ಇಳಿದ ಜಡಿಯ, ಜೇನೆಲ್ಲಿ ಎಂದು ಕೇಳಿದವರಿಗೆಲ್ಲ “ಭಾವಮೈದನ ಬಂಡೇಲೈತೆ” ಎಂದನಂತೆ. ಹೆಸರು ಅಲ್ಲಿಂದ ನಿಂತಿತು. ಇಂದಿಗೂ ನೆತ್ತಿ ಹತ್ತಿದವರಿಗೆ ಅಂಚಿನಲ್ಲಿ ಎರಡು ಗುಳಿಗಳು ಕಾಣುತ್ತವೆ. ಬೊಳ್ಳ ಹಿಮ್ಮಡಿಯೂರಿ ಏಣಿ ಎಳೆದ ಗುರುತು ಅದು. ಮಳೆನೀರು ಕೊರೆದದ್ದು ಎನ್ನುವ ಬುದ್ಧಿವಂತರೂ ಇದ್ದಾರೆ. ಪಾಪ, ಅವರಿಗೆ ಭಾವಮೈದರಿಲ್ಲ.